ಮೂರು ವರ್ಷ ಸ್ಟೋರಿನಲ್ಲಿದ್ದ ಡ್ರೈ ಟೈಪ್ ಬುಶಿಂಗ್, ಟ್ಯಾನ್ ಡೆಲ್ಟಾ 1.1 ಬರ್ತಿದೆ. ಏರಿಸಬಹುದಾ?

ಕಪಿಲೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಒಂದು ಕಾರ್ಖಾನೆಯ 66 ಕೆವಿ ಸ್ಟೇಷನ್ನಿನಲ್ಲಿ ಮೇಂಟೆನೆನ್ಸ್ ಇಂಜಿನಿಯರ್. ಸೇರಿ ಎರಡು ವರ್ಷ ಆಯ್ತು. ನಮ್ಮಲ್ಲಿ 20 ಎಂವಿಎ, 66/11 ಕೆವಿ ಟ್ರಾನ್ಸ್‌ಫಾರ್ಮರ್ ಒಂದಿದೆ, 1996ರದ್ದು. ಎಚ್‌ವಿ ಕಡೆ, ಅಂದ್ರೆ 66 ಕೆವಿ ಕಡೆ, ಮೂರು ಬುಶಿಂಗ್ (ಟ್ಯಾಂಕಿನೊಳಗಿನ ವೈಂಡಿಂಗಿಗೆ ಲೈನ್ ಸೇರಿಸೋ, ಸುತ್ತ ಇನ್ಸುಲೇಷನ್ ಇರೋ ಕಂಬ). ಮೂರೂ ಓಐಪಿ, ಅಂದ್ರೆ ಎಣ್ಣೆಯಲ್ಲಿ ನೆನೆಸಿದ ಕಾಗದದ್ದು, ಹೊರಗೆ ಕಂದು ಪಿಂಗಾಣಿ. ಹೋದ ತಿಂಗಳು ಬಿ ಫೇಸ್ ಬುಶಿಂಗಿನ ಗೇಜ್ ಗ್ಲಾಸಿನಲ್ಲಿ ಎಣ್ಣೆ ಕಾಣಿಸಲಿಲ್ಲ. ಫ್ಲಾಂಜಿನ ಸುತ್ತ ಜಿಡ್ಡು. ಶಟ್‌ಡೌನ್ ತಗೊಂಡು ನೋಡಿದ್ರೆ ಟ್ಯಾನ್ ಡೆಲ್ಟಾ (ಇನ್ಸುಲೇಷನ್ನಿನಲ್ಲಿ ಆಗೋ ನಷ್ಟದ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೇದು) 0.92%. ಆರ್ ಫೇಸ್ 0.41, ವೈ ಫೇಸ್ 0.44. ಬಿ ಫೇಸ್ ತೆಗೀಲೇಬೇಕು ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ.

ಸ್ಟೋರಿನಲ್ಲಿ ಒಂದು ಸ್ಪೇರ್ ಇದೆ. ಮೂರು ವರ್ಷದ ಹಿಂದೆ ತರಿಸಿದ್ದು, 72.5 ಕೆವಿ ಆರ್‌ಐಪಿ, ರಾಳ ತುಂಬಿದ ಕಾಗದದ ಡ್ರೈ ಟೈಪ್. ಹೊರಗೆ ಬೂದು ಬಣ್ಣದ ಸಿಲಿಕೋನ್ ರಬ್ಬರ್. ಫ್ಲಾಂಜಿನ ಬೋಲ್ಟ್ ತೂತು, ಬಾಲದ (ಟ್ಯಾಂಕಿನೊಳಗೆ ಇಳಿಯೋ ಕೆಳತುದಿ) ಉದ್ದ, ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಕೂರುವ ಜಾಗ ಎಲ್ಲ ಹಳೇದಕ್ಕೆ ಸರಿಹೊಂದುತ್ತೆ. ಏರಿಸೋ ಮುಂಚೆ ಒಮ್ಮೆ ಟೆಸ್ಟ್ ಮಾಡೋಣ ಅಂತ ಪೆಟ್ಟಿಗೆ ಬಿಚ್ಚಿದ್ವಿ. ನೇಮ್ ಪ್ಲೇಟಿನಲ್ಲಿ ಸಿ1 (ಬುಶಿಂಗಿನ ಮುಖ್ಯ ಕೆಪಾಸಿಟೆನ್ಸ್) 287 ಪಿಕೋಫ್ಯಾರಡ್, ಟ್ಯಾನ್ ಡೆಲ್ಟಾ 0.36%. ನಮಗೆ 10 ಕೆವಿಯಲ್ಲಿ ಬಂದದ್ದು 289 ಪಿಕೋಫ್ಯಾರಡ್, 1.1%.

ಪೆಟ್ಟಿಗೆ ಬಿಚ್ಚಿದಾಗ ಬಾಲಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಚೀಲ ಒಂದು ಕಡೆ ಹರಿದಿತ್ತು. ಒಳಗಿದ್ದ ಸಿಲಿಕಾ ಜೆಲ್ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಸ್ಟೋರಿನ ಶೀಟು ಮಳೆಗಾಲದಲ್ಲಿ ಸೋರುತ್ತೆ.

ನಮ್ಮ ಸೀನಿಯರ್ ಹೇಳೋದು: "ಅದು ಡ್ರೈ ಟೈಪ್. ಒಳಗೆ ಎಣ್ಣೆನೇ ಇಲ್ಲ, ಕೆಡೋಕೆ ಏನಿದೆ? ಟ್ಯಾಂಕಿನ ಬಿಸಿ ಎಣ್ಣೆಯಲ್ಲಿ ಕೂತರೆ ತಾನೇ ಒಣಗುತ್ತೆ. ಏರಿಸಿ." ಪ್ರೊಡಕ್ಷನ್ ಕಡೆಯಿಂದ ಮೂರು ದಿನ ಮಾತ್ರ ಕೊಟ್ಟಿದ್ದಾರೆ. ನನ್ನ ಕೈ ಓಡ್ತಾ ಇಲ್ಲ. ಇದನ್ನ ಏರಿಸಬಹುದಾ? ದಯವಿಟ್ಟು ಅನುಭವ ಇರೋರು ಹೇಳಿ.

ಫೀಲ್ಡ್ ಹುಡುಗ

ಕಪಿಲೆ ಮೇಡಂ, ಮೊದಲು ರೀಡಿಂಗ್ ನಿಜವಾದದ್ದಾ ಅಂತ ಖಾತ್ರಿ ಮಾಡ್ಕೊಳ್ಳಿ. ಮಳೆಗಾಲದಲ್ಲಿ ನಾನು ಎಷ್ಟೋ ಸಲ ಮೋಸ ಹೋಗಿದ್ದೀನಿ. ಬುಶಿಂಗ್ ಮೈಮೇಲೆ ತೇವದ ಪದರ ಇದ್ರೆ ಕರೆಂಟು ಮೇಲ್ಮೈಯಲ್ಲೇ ಹರಿದು ಹೆಚ್ಚು ತೋರಿಸುತ್ತೆ, ಕೆಲವು ಸಲ ನೆಗೆಟಿವ್ ಕೂಡ ಬರುತ್ತೆ.

ಬುಶಿಂಗ್ ಪೆಟ್ಟಿಗೆಯಲ್ಲೇ ಮಲಗಿಸಿ ಟೆಸ್ಟ್ ಮಾಡಿದ್ರಾ? ಹಾಗೆ ಮಾಡಬೇಡಿ. ಹಸಿ ಮರ ಬಾಲಕ್ಕೆ ತಾಗಿಕೊಂಡಿದ್ರೆ ಅದೂ ಲೆಕ್ಕಕ್ಕೆ ಬರುತ್ತೆ. ಸ್ಟ್ಯಾಂಡ್ ಮಾಡಿಸಿ ನೆಟ್ಟಗೆ ನಿಲ್ಲಿಸಿ, ಫ್ಲಾಂಜ್ ಗಟ್ಟಿಯಾಗಿ ಅರ್ತ್ ಮಾಡಿ, ಬಾಲದ ಸುತ್ತ ಗೋಡೆ, ಏಣಿ, ಹಗ್ಗ ಏನೂ ಇರಬಾರದು. ನೂಲು ಬಿಡದ ಒಣ ಬಟ್ಟೆಯಲ್ಲಿ ಒರೆಸಿ. ಏನು ಹಚ್ಚಿ ಒರೆಸಬಹುದು ಅಂತ ಕಂಪನಿಯ ಪುಸ್ತಕದಲ್ಲಿ ಇರುತ್ತೆ, ಅದನ್ನೇ ಬಳಸಿ. ಮಧ್ಯಾಹ್ನ ಬಿಸಿಲು ಬಂದಾಗ ಯುಎಸ್‌ಟಿ ಮೋಡಿನಲ್ಲಿ (ಅರ್ತಿಗೆ ಹರಿಯೋ ಕರೆಂಟನ್ನ ಲೆಕ್ಕಕ್ಕೆ ತಗೊಳ್ಳದ ವಿಧಾನ) ಇನ್ನೊಂದು ಸಲ ತಗೊಳ್ಳಿ. 2 ಕೆವಿ, 5 ಕೆವಿ, 10 ಕೆವಿ ಮೂರರಲ್ಲೂ ತಗೊಂಡು ಇಲ್ಲಿ ಹಾಕಿ.

ಇನ್ನೊಂದು ಮಾತು. ಟೆಸ್ಟ್ ಟ್ಯಾಪಿಗೆ (ಫ್ಲಾಂಜಿನ ಹತ್ತಿರ ಅಳತೆಗೆ ಅಂತ ಇರೋ ಸಣ್ಣ ಟರ್ಮಿನಲ್) 10 ಕೆವಿ ಕೊಡಬೇಡಿ. ಸಿ2 (ಆ ಟ್ಯಾಪಿಗೂ ಫ್ಲಾಂಜಿಗೂ ನಡುವಿನ ಕೆಪಾಸಿಟೆನ್ಸ್) ನೋಡೋಕೆ 500 ವೋಲ್ಟ್ ಸಾಕು. ಆ ಟ್ಯಾಪ್ ಒಂದು ನಿಮಿಷಕ್ಕೆ 2 ಕೆವಿ ತಡೆಯೋ ಲೆಕ್ಕದಲ್ಲಿ ಮಾಡಿರೋದು.

ಕಪಿಲೆ

ಥ್ಯಾಂಕ್ಸ್ ಅಣ್ಣ. ಹೌದು, ಪೆಟ್ಟಿಗೆಯಲ್ಲೇ ಇಟ್ಟು ಮಾಡಿದ್ವಿ. ಇವತ್ತು ಆಂಗಲ್ ವೆಲ್ಡ್ ಮಾಡಿಸಿ ಸ್ಟ್ಯಾಂಡಿಗೆ ಏರಿಸಿದ್ವಿ. ಚೆನ್ನಾಗಿ ಒರೆಸಿ ಮಧ್ಯಾಹ್ನ 2 ಗಂಟೆಗೆ, 29 ಡಿಗ್ರಿಯಲ್ಲಿ ತಗೊಂಡದ್ದು:

2 ಕೆವಿ: 0.97
5 ಕೆವಿ: 0.97
10 ಕೆವಿ: 0.98
ಸಿ1 288.6 ಪಿಕೋಫ್ಯಾರಡ್.

ಸ್ವಲ್ಪ ಇಳೀತು, ಆದ್ರೆ 0.36 ಎಲ್ಲಿ, 0.98 ಎಲ್ಲಿ. ಒರೆಸುವಾಗ ಇನ್ನೊಂದು ಕಾಣಿಸ್ತು. ಸಿಲಿಕೋನ್ ತಟ್ಟೆಗಳಲ್ಲಿ ಮೇಲಿಂದ ಮೂರನೇದು, ನಾಲ್ಕನೇದು ಅಂಚಿನಲ್ಲಿ ಕಚ್ಚಿದ ಹಾಗಿದೆ. ಇಲಿ ಇರಬಹುದು.

ಹಳೇ ಟೆಸ್ಟಿಂಗ್

ಕಪಿಲೆಯವರೇ, ಮೊದಲು ಉತ್ತರ ಹೇಳಿಬಿಡ್ತೀನಿ, ಕಾರಣ ಆಮೇಲೆ. ಅದನ್ನ ಏರಿಸಬೇಡಿ. ಓಐಪಿಗೂ ಆರ್‌ಐಪಿಗೂ ಬುಶಿಂಗಿನ ಅಂತರರಾಷ್ಟ್ರೀಯ ಮಾನದಂಡ ಐಇಸಿ 60137 ಕೊಟ್ಟಿರೋ ಗರಿಷ್ಠ ಮಿತಿ 0.7%. ನಿಮ್ಮದು ಮಿತಿ ದಾಟಿದೆ. 0.92 ಬಂತು ಅಂತ ಎಣ್ಣೆ ಬುಶಿಂಗ್ ತೆಗೆದು ಆ ಜಾಗಕ್ಕೆ 0.98ರ ಡ್ರೈ ಬುಶಿಂಗ್ ಏರಿಸಿದ್ರೆ ಏನು ರಿಪೇರಿ ಮಾಡಿದ ಹಾಗಾಯ್ತು?

ನಾನು 1984ರಿಂದ 2019ರವರೆಗೆ ರಿಲೇ ಮತ್ತು ಟೆಸ್ಟಿಂಗ್ ಕಡೆಯೇ ಇದ್ದವನು. ಎಂಜಿನಿಯರಿಂಗ್ ಮುಗಿಸಿ ಬಂದಾಗ ಬುಶಿಂಗ್ ಅಂದ್ರೆ ಏನು ಅಂತ ಗೊತ್ತಿರಲಿಲ್ಲ. ಗೋಡೆಗೆ ತೂತು ಕೊರೆದು ತಂತಿ ದಾಟಿಸೋ ಹಾಗೆ ಅಂದ್ಕೊಂಡಿದ್ದೆ. ಆಮೇಲೆ ತಿಳೀತು, ಒಂದು ಟ್ರಾನ್ಸ್‌ಫಾರ್ಮರಿನ ಆಯುಷ್ಯ ಎಷ್ಟೋ ಸಲ ಅದರ ಬುಶಿಂಗ್ ಕೈಯಲ್ಲಿ ಇರುತ್ತೆ ಅಂತ. ಅರ್ತ್ ಆಗಿರೋ ಟ್ಯಾಂಕಿನ ತಗಡಿನ ತೂತಿನೊಳಗಿಂದ 66 ಕೆವಿ ಹೋಗಬೇಕು. ನಡುವೆ ಒಂದು ಗೇಣೂ ಜಾಗ ಇಲ್ಲ. ಅದಕ್ಕೇ ಕಾಗದದ ನಡುವೆ ಅಲ್ಯೂಮಿನಿಯಂ ಹಾಳೆಗಳನ್ನ ಒಂದರ ಮೇಲೊಂದು ಸುತ್ತಿ, ವೋಲ್ಟೇಜನ್ನ ಮೆಟ್ಟಿಲು ಮೆಟ್ಟಿಲಾಗಿ ಇಳಿಸ್ತಾರೆ. ನೀವು ಅಳೆಯೋ ಸಿ1 ಅಂದ್ರೆ ಆ ಎಲ್ಲ ಮೆಟ್ಟಿಲುಗಳ ಒಟ್ಟು ಕೆಪಾಸಿಟೆನ್ಸ್. ಇಪ್ಪತ್ತು ಪದರ ಇದ್ದು ಒಂದು ಸುಟ್ಟು ಕೂಡಿಕೊಂಡ್ರೆ ಸಿ1 ಸುಮಾರು 5% ಏರುತ್ತೆ. ನಿಮ್ಮದು 287ರಿಂದ 288.6, ಒಂದು ಪರ್ಸೆಂಟೂ ಇಲ್ಲ. ಅಂದ್ರೆ ಪದರ ಯಾವುದೂ ಹೋಗಿಲ್ಲ. 2 ಕೆವಿಗೂ 10 ಕೆವಿಗೂ ಟ್ಯಾನ್ ಡೆಲ್ಟಾ ಒಂದೇ ಇದೆ. ಒಳಗೆ ಟೊಳ್ಳು ಇದ್ದು ಡಿಸ್ಚಾರ್ಜ್ ಆಗ್ತಿದ್ರೆ, ಸಂಪರ್ಕ ಸಡಿಲ ಇದ್ರೆ ವೋಲ್ಟೇಜ್ ಜೊತೆ ಬದಲಾಗಬೇಕಿತ್ತು. ಉಳಿಯೋದು ಒಂದೇ, ನೀರು. ನಿಮ್ಮ ಗುಲಾಬಿ ಸಿಲಿಕಾ ಜೆಲ್ ಅದನ್ನ ಮೊದಲೇ ಹೇಳಿತ್ತು.

ಈಗ ನಿಮ್ಮ ಸೀನಿಯರ್ ಮಾತಿಗೆ ಬರ್ತೀನಿ. ಅವರನ್ನ ದೂರಬೇಡಿ. "ಡ್ರೈ" ಅನ್ನೋ ಹೆಸರು ಎಷ್ಟೋ ಜನರನ್ನ ದಾರಿ ತಪ್ಪಿಸಿದೆ, ಕೆಲವು ವರ್ಷ ನನ್ನನ್ನೂ. ಒಳಗೆ ಎಣ್ಣೆ ಇಲ್ಲ ಅನ್ನೋದಷ್ಟೇ ಅದರ ಅರ್ಥ. ನೀರಿಗೆ ಹೆದರಲ್ಲ ಅಂತ ಅಲ್ಲ. ಎಣ್ಣೆ ಬುಶಿಂಗ್ ಬಿಚ್ಚಿದ್ದನ್ನ ನೋಡಿದ್ರೆ ನಿಮಗೆ ಗೊತ್ತಾಗುತ್ತೆ: ಅದರ ಕಾಗದದ ಕೋರ್ ಮೇಲೂ ಕೆಳಗೂ ಚಿಪ್ಪಿನೊಳಗೆ, ತನ್ನದೇ ಎಣ್ಣೆಯಲ್ಲಿ, ಹೊರಗಿನ ಗಾಳಿ ಸೋಕದ ಹಾಗೆ ಸೀಲ್ ಆಗಿರುತ್ತೆ. ಆರ್‌ಐಪಿಯಲ್ಲಿ ಮೇಲ್ಭಾಗಕ್ಕೆ ಸಿಲಿಕೋನ್ ಹೊದಿಕೆ ಇದೆ. ಕೆಳಗಿನ ಬಾಲಕ್ಕೆ ಚಿಪ್ಪು ಇಲ್ಲ. ಕೋರೇ ನೇರ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಇಳಿಯುತ್ತೆ. ಕೆಲಸ ಮಾಡುವಾಗ ಅದು ಕ್ಷೇಮ, ಸುತ್ತ ಒಣ ಎಣ್ಣೆ ಇರುತ್ತೆ. ಪೆಟ್ಟಿಗೆಯಲ್ಲಿ ಮಲಗಿರುವಾಗ ಅದರ ರಕ್ಷಣೆಗೆ ಇರೋದು ಆ ಪ್ಲಾಸ್ಟಿಕ್ ಚೀಲ ಒಂದೇ. ಚೀಲ ಹರಿದು ಮೂರು ಮಳೆಗಾಲ ಕಳೆದಿದೆ.

ಎಣ್ಣೆ ಬುಶಿಂಗ್ ತನ್ನ ಕಾಯಿಲೆಯನ್ನ ಹೇಳಿಕೊಳ್ಳುತ್ತೆ. ಗ್ಲಾಸಿನಲ್ಲಿ ಮಟ್ಟ ಇಳಿಯುತ್ತೆ, ಫ್ಲಾಂಜಿನಲ್ಲಿ ಜಿಡ್ಡು ಒಸರುತ್ತೆ. ನಿಮ್ಮ ಬಿ ಫೇಸ್ ಹಾಗೇ ಸಿಕ್ಕಿಬಿದ್ದದ್ದು. ಡ್ರೈ ಬುಶಿಂಗಿಗೆ ಅಂಥ ಮುಖ ಇಲ್ಲ. ಚೆನ್ನಾಗಿರೋದೂ ಕೆಟ್ಟಿರೋದೂ ಹೊರಗಿಂದ ಒಂದೇ ಥರ ಕಾಣುತ್ತೆ. ಅದು ಮಾತಾಡೋದು ಟೆಸ್ಟ್ ಕಿಟ್ ಜೊತೆ ಮಾತ್ರ. ಅದಕ್ಕೇ ಏರಿಸೋ ಮುಂಚೆ ಬಿಚ್ಚಿ ಅಳೆದಿರಲ್ಲ, ಆ ಕೆಲಸಕ್ಕೆ ನಿಮ್ಮನ್ನ ಮನಸಾರೆ ಮೆಚ್ಚಿದೆ.

ಇಷ್ಟು ಓದಿ ನಾನು ಡ್ರೈ ಟೈಪ್ ವಿರೋಧಿ ಅಂದ್ಕೋಬೇಡಿ. ಅದು ಬರಲಿ ಅಂತ ಆಸೆಪಟ್ಟವರಲ್ಲಿ ನಾನೂ ಒಬ್ಬ. ಕಾರಣ ಒಂದು ರಾತ್ರಿ. ಊರು, ಸ್ಟೇಷನ್ ಹೆಸರು ಬೇಡ. 110 ಕೆವಿಯ ಒಂದು ಎಣ್ಣೆ ಬುಶಿಂಗ್ ಸಿಡೀತು. ಒಳಗೆ ಆರ್ಕ್ ಆದಾಗ ಎಣ್ಣೆ ಕ್ಷಣದಲ್ಲಿ ಗ್ಯಾಸ್ ಆಗುತ್ತೆ, ಪಿಂಗಾಣಿ ಹಿಗ್ಗಲ್ಲ, ಒಡೆಯುತ್ತೆ. ಬೆಳಿಗ್ಗೆ ನಾವು ಹೋದಾಗ ಕಂಟ್ರೋಲ್ ರೂಮಿನ ಬಾಗಿಲಿನಲ್ಲಿ ಅಂಗೈ ಅಗಲದ ಚೂರು ನಾಟಿಕೊಂಡಿತ್ತು. ಟ್ಯಾಂಕಿನ ಮೇಲೆ ಎಣ್ಣೆ ಇನ್ನೂ ಹೊಗೆಯಾಡ್ತಿತ್ತು. ಡ್ಯೂಟಿಯಲ್ಲಿದ್ದ ಆಪರೇಟರ್ ರೀಡಿಂಗ್ ಬರೆಯೋಕೆ ಹೊರಗೆ ಬಂದಿದ್ದರು. ಭುಜಕ್ಕೆ ಬಡಿದು ಮೂಳೆ ಮುರಿದಿತ್ತು. ಬದುಕಿದರು, ಆದರೆ ಆ ಕೈ ಮತ್ತೆ ತಲೆಯ ಮೇಲಕ್ಕೆ ಏರಲಿಲ್ಲ.

ಆಮೇಲೆ ರಿಜಿಸ್ಟರ್ ತೆಗೆದೆ. ಆ ಬುಶಿಂಗಿನ ಮೂರು ವರ್ಷದ ಟ್ಯಾನ್ ಡೆಲ್ಟಾ: 0.38, 0.49, 0.66. ಮೂರೂ 0.7ರ ಒಳಗೆ. ಮೂರಕ್ಕೂ ಮುಂದೆ "ತೃಪ್ತಿಕರ" ಅಂತ ಬರೆದಿತ್ತು. ಮೂರನೇದು ನನ್ನ ಕೈಬರಹ. ಹಿಂದಿನ ಪುಟ ತಿರುಗಿಸಿ ನೋಡಿರಲಿಲ್ಲ. ಅವತ್ತಿಂದ ನಿವೃತ್ತಿ ಆಗೋವರೆಗೂ ನಾನು ಹೊಸ ರೀಡಿಂಗ್ ಬರೆಯೋ ಮುಂಚೆ ಹಳೇ ರೀಡಿಂಗನ್ನ ಅದರ ಪಕ್ಕದಲ್ಲೇ ಬರೆದುಕೊಳ್ತಿದ್ದೆ. ನನ್ನ ಕೈಕೆಳಗೆ ಬಂದ ಹುಡುಗರಿಗೂ ಅದನ್ನೇ ಕಲಿಸಿದೆ.

ಡ್ರೈ ಬುಶಿಂಗಿನಲ್ಲಿ ಸಿಡಿಯೋಕೆ ಎಣ್ಣೆ ಇಲ್ಲ. ಸಿಲಿಕೋನ್ ಹೊದಿಕೆ ಹರಿದೀತು, ಚೂರಾಗಿ ಹಾರಲ್ಲ. ಹೊರಗಿನ ತುದಿಗೆ ಏನಾದ್ರೂ ಬಡಿದು ಹೊದಿಕೆ ಹಾಳಾದ್ರೂ ಗಟ್ಟಿ ಕೋರ್ ಟ್ಯಾಂಕಿನ ತೂತನ್ನ ಮುಚ್ಚಿಕೊಂಡೇ ಇರುತ್ತೆ, ಟ್ಯಾಂಕಿನ ಎಣ್ಣೆ ಹೊರಗೆ ಸುರಿದು ಬೆಂಕಿಗೆ ಸಿಗೋದು ತಪ್ಪುತ್ತೆ. ತೂಕ ಕಡಿಮೆ. ಯಾವ ಕೋನದಲ್ಲಿ ಬೇಕಾದ್ರೂ ಕೂರಿಸಬಹುದು, ಎಣ್ಣೆಯದಾದ್ರೆ ಪೂರ್ತಿ ಮಲಗಿಸಿದ್ರೆ ಮೇಲಿನ ಗ್ಯಾಸ್ ಗುಳ್ಳೆ ಕೋರಿನೊಳಗೆ ಸೇರುತ್ತೆ. ಶಾಖವನ್ನೂ ಹೆಚ್ಚು ತಡೆಯುತ್ತೆ, ಓಐಪಿ ಕೋರಿಗೆ 105 ಡಿಗ್ರಿ ಮಿತಿ ಆದ್ರೆ ಇದಕ್ಕೆ 120. ಕರಾವಳಿಯ ಉಪ್ಪುಗಾಳಿಗೆ, ಸಂಡೂರಿನ ಅದಿರು ಧೂಳಿಗೆ ಸಿಲಿಕೋನ್ ಒಳ್ಳೇದು, ನೀರು ಅದರ ಮೇಲೆ ಹರಡದೆ ಕೆಸುವಿನೆಲೆ ಮೇಲಿನ ಹಾಗೆ ಹನಿಹನಿಯಾಗಿ ಉರುಳುತ್ತೆ. ಆ ಭುಜದ ನೆನಪಿದ್ದವನು ಇದನ್ನ ಬೇಡ ಅನ್ನೋಕೆ ಸಾಧ್ಯವೇ ಇಲ್ಲ.

ಆದ್ರೆ ಇಲಿಗೆ ಸಿಲಿಕೋನ್ ಅಂದ್ರೆ ಇಷ್ಟ. ಹೊರದೇಶಗಳಲ್ಲಿ ಗಿಳಿ ಜಾತಿಯ ಹಕ್ಕಿಗಳೂ ಕುಕ್ಕಿ ತಿಂದಿವೆ. ಅಂಚಿನಲ್ಲಿ ಸ್ವಲ್ಪ ಹೋಗಿದ್ರೆ ಅಷ್ಟು ಭಯ ಇಲ್ಲ. ತಟ್ಟೆಯ ಬುಡದಲ್ಲಿ ಕಚ್ಚಿ ಒಳಗಿನ ಫೈಬರ್ ಕೊಳವೆ ಕಾಣಿಸ್ತಿದ್ರೆ ಮಾತ್ರ ಅದು ಬೇರೆ ಕೇಸು. ಟಾರ್ಚ್ ಹಿಡಿದು ನೋಡಿ ಹೇಳಿ.

ಇನ್ನು "ಬಿಸಿ ಎಣ್ಣೆಯಲ್ಲಿ ತಾನೇ ಒಣಗುತ್ತೆ" ಅನ್ನೋದು. ಮೇಲ್ಮೈಯ ತೇವ ಹೋಗಬಹುದು. ಕೋರಿನ ಒಳಗೆ ಇಳಿದ ನೀರು ಬಂದಷ್ಟೇ ನಿಧಾನವಾಗಿ ಹೋಗುತ್ತೆ. ಅಷ್ಟು ದಿನ ಅದರ ಮೇಲೆ 38 ಕೆವಿ (66 ಕೆವಿ ಲೈನಿನಲ್ಲಿ ಒಂದು ಫೇಸಿಗೂ ಅರ್ತಿಗೂ ನಡುವಿನ ವೋಲ್ಟೇಜ್) ಕೂತಿರುತ್ತೆ. ನಷ್ಟದ ಶಾಖದಿಂದ ಅದೇ ಜಾಗ ಬಿಸಿಯಾಗಿ ನಷ್ಟ ಇನ್ನೂ ಏರಬಹುದು. ಹಾಲೊಜೆನ್ ದೀಪ ಇಟ್ಟು, ಬ್ಲೋಯರ್ ಇಟ್ಟು ನೀವೇ ಒಣಗಿಸೋಕೂ ಹೋಗಬೇಡಿ. ಮೇಲೆ ಒಣಗಿ ರೀಡಿಂಗ್ ಇಳಿಯುತ್ತೆ, ಒಳಗಿಂದು ಹಾಗೇ ಇರುತ್ತೆ, ನಿಮಗೆ ಸುಳ್ಳು ಧೈರ್ಯ ಬರುತ್ತೆ. ತಯಾರಕರ ಹತ್ತಿರ ಓವನ್ ಇದೆ, ಅವರಿಗೆ ಕಳಿಸಿ.

ಅನುಮಾನ ಪೂರ್ತಿ ಹೋಗಬೇಕು ಅಂದ್ರೆ ಫ್ರೀಕ್ವೆನ್ಸಿ ಬದಲಿಸಿ ಅಳೆಯೋ ಕಿಟ್ ಇರೋರನ್ನ ಕರೆಸಿ. 50 ಹರ್ಟ್ಸಿನಲ್ಲಿ ನೀರು ಅರ್ಧ ಅಡಗಿರುತ್ತೆ. ಒಂದು ಹರ್ಟ್ಸಿಗೆ, ಅದಕ್ಕೂ ಕೆಳಗೆ ಇಳಿಸಿದ್ರೆ ಟ್ಯಾನ್ ಡೆಲ್ಟಾ ಎದ್ದು ನಿಲ್ಲುತ್ತೆ. ಸೀನಿಯರ್‌ಗೆ ತೋರಿಸೋಕೆ ಆ ಗ್ರಾಫ್ ಒಂದು ಸಾಕು.

ಮೂರು ದಿನದಲ್ಲಿ ಏನು ಮಾಡೋದು ಅಂತೀರಾ? ನಿಮ್ಮ ಅಕ್ಕಪಕ್ಕದ ಯಾವುದಾದ್ರೂ ಕಾರ್ಖಾನೆಯಲ್ಲಿ ಇದೇ ಅಳತೆಯ ಬುಶಿಂಗ್ ಇದೆಯಾ ವಿಚಾರಿಸಿ, ಎಣ್ಣೆಯದಾದ್ರೂ ಪರವಾಗಿಲ್ಲ. ಎರಡು ಫೇಸ್ ಒಂದು ಥರ, ಒಂದು ಫೇಸ್ ಇನ್ನೊಂದು ಥರ ಇದ್ರೆ ಟ್ರಾನ್ಸ್‌ಫಾರ್ಮರಿಗೆ ತೊಂದರೆ ಇಲ್ಲ, ಅಳತೆ ಕೂಡಿಬರಬೇಕು ಅಷ್ಟೇ. ತಂದ ಮೇಲೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ಟೆಸ್ಟ್ ಮಾಡಿ ಏರಿಸಿ.

ಕೋರ್ ವೈಂಡಿಂಗ್

ಹಳೇ ಟೆಸ್ಟಿಂಗ್ ಸರ್ ಹೇಳಿದ್ದರ ಮೇಲೆ ಕಾರ್ಖಾನೆ ಕಡೆಯಿಂದ ಒಂದು ಮಾತು. ನಾನು ಆರು ವರ್ಷ ಆರ್‌ಐಪಿ ಕೋರ್ ಸುತ್ತುವ ಕಡೆ ಕೆಲಸ ಮಾಡಿದ್ದೀನಿ.

ನಡುವಿನ ಕೊಳವೆಯ ಮೇಲೆ ಸುಕ್ಕುಸುಕ್ಕಾದ ಕ್ರೇಪ್ ಕಾಗದ ಸುತ್ತುತ್ತಾ ಹೋಗ್ತೀವಿ, ನಿಗದಿಯಾದ ಜಾಗದಲ್ಲಿ ಅಲ್ಯೂಮಿನಿಯಂ ಹಾಳೆ ಸೇರಿಸ್ತೀವಿ. ಕಾಗದ ಸುಕ್ಕಾಗಿರೋದು ರಾಳ ಒಳಗಿನವರೆಗೂ ಹೋಗಲಿ ಅಂತ. ಸುತ್ತಿದ್ದನ್ನ ವ್ಯಾಕ್ಯೂಮಿನಲ್ಲಿ ಬಿಸಿಮಾಡಿ ಪೂರ್ತಿ ಒಣಗಿಸಿ, ಅದೇ ವ್ಯಾಕ್ಯೂಮಿನಲ್ಲಿ ಎಪಾಕ್ಸಿ ಬಿಡ್ತೀವಿ. ಗಟ್ಟಿ ಮಾಡೋದನ್ನ ಬಹಳ ನಿಧಾನ ಮಾಡಬೇಕು. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಶಾಖ ಬಿಡುತ್ತೆ, ಕುಗ್ಗುತ್ತೆ. ಅವಸರ ಮಾಡಿದ್ರೆ ಒಳಗೆ ಬಿರುಕು. ಆ ಬಿರುಕು ಹೊರಗೆ ಕಾಣಲ್ಲ, ಪಾರ್ಶಿಯಲ್ ಡಿಸ್ಚಾರ್ಜ್ ಟೆಸ್ಟಿನಲ್ಲಿ (ಒಳಗಿನ ಟೊಳ್ಳು, ಬಿರುಕಿನಲ್ಲಿ ಆಗೋ ಸಣ್ಣ ಕಿಡಿಗಳನ್ನ ಅಳೆಯೋ ಟೆಸ್ಟ್) ಸಿಕ್ಕಿಬೀಳುತ್ತೆ. ಅಲ್ಲಿ 10 ಪಿಕೋಕೂಲಂಬ್ ಮೀರಿದ್ರೆ ಅಷ್ಟು ದಿನದ ಕೆಲಸವೂ ಗುಜರಿಗೆ. ಅಂಥ ಕೋರ್ ಒಂದನ್ನ ಗರಗಸದಲ್ಲಿ ಕೊಯ್ದು ನೋಡಿದಾಗ ಕೂದಲೆಳೆಯಷ್ಟು ಬಿರುಕು ಇತ್ತು. ಅವತ್ತು ನಮ್ಮ ಸೆಕ್ಷನ್ನಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟ ಹಂತ ಇದಾದ ಮೇಲಿಂದು. ಗಟ್ಟಿಯಾದ ಕೋರನ್ನ ಲೇತಿಗೆ ಹಾಕಿ ಬಾಲದ ಆಕಾರಕ್ಕೆ ತಿರುಗಿಸ್ತೀವಿ. ಹಾಗೆ ಕೆತ್ತಿದಾಗ ಕಾಗದದ ನಾರಿನ ತುದಿಗಳು ಮೇಲ್ಮೈಗೆ ಬಂದುಬಿಡುತ್ತೆ. ಮೇಲೆ ವಾರ್ನಿಷ್ ಲೇಪ ಕೊಟ್ಟಿರ್ತೀವಿ, ಆದ್ರೆ ಅದು ತೇವವನ್ನ ತಡ ಮಾಡುತ್ತೆ, ತಡೆಯಲ್ಲ. ನೀರು ಒಳಗೆ ಹೋಗೋ ದಾರಿ ಅದೇ ನಾರು. ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ, ತೀರಾ ನಿಧಾನವಾಗಿ ಎಳೆದುಕೊಳ್ಳುತ್ತೆ.

ಹೀಗಾಗಿಯೇ ಈಗ ಆರ್‌ಐಎಸ್ ಬಂದಿದೆ. ಕಾಗದದ ಬದಲು ಸಿಂಥೆಟಿಕ್ ಬಟ್ಟೆ. ಅದರ ನಾರು ನೀರು ಕುಡಿಯಲ್ಲ. ಮಳೆ ಸೋರುವ ಸ್ಟೋರ್ ಇರೋರು ಸ್ಪೇರ್ ತರಿಸುವಾಗ ಅದನ್ನೇ ಕೇಳಿದ್ರೆ ಒಳ್ಳೇದು ಅಂತ ನನ್ನ ಅಭಿಪ್ರಾಯ. ಆರ್‌ಐಪಿಯೇ ಆದ್ರೆ ಬಾಲಕ್ಕೆ ತಗಡಿನ ಡಬ್ಬ ಕೂರಿಸಿ ಒಳಗೆ ಟ್ರಾನ್ಸ್‌ಫಾರ್ಮರ್ ಎಣ್ಣೆ ತುಂಬಿಸಿ ಇಡೋ ವ್ಯವಸ್ಥೆ ಕೇಳಿ. ದೀರ್ಘಕಾಲ ಇಡೋಕೆ ಚೀಲವನ್ನ ನಂಬಬೇಡಿ.

ಕಪಿಲೆಯವರೇ, ಒಂದು ಎಚ್ಚರಿಕೆ. ಟೆಂಪರೇಚರ್ ಕರೆಕ್ಷನ್ ಮಾಡುವಾಗ ಓಐಪಿಯ ಟೇಬಲ್ ಬಳಸಬೇಡಿ. ರಾಳದ ವರ್ತನೆ ಬೇರೆ, ಬುಶಿಂಗ್ ಜೊತೆ ಬಂದ ಪುಸ್ತಕದಲ್ಲಿರೋ ಕರ್ವನ್ನೇ ನೋಡಿ.

ಕಪಿಲೆ

ಎಲ್ಲರಿಗೂ ತುಂಬಾ ಧನ್ಯವಾದ. ಏನಾಯ್ತು ಅಂತ ಹೇಳ್ತೀನಿ.

ಗ್ರಾಫ್ ತೆಗೆಸಿದ್ವಿ. 50 ಹರ್ಟ್ಸಿನಲ್ಲಿ 0.96, 1 ಹರ್ಟ್ಸಿನಲ್ಲಿ 4.8. ಕಾರ್ಖಾನೆಯ ರಿಪೋರ್ಟಿನಲ್ಲಿ ಹೊಸದಾಗಿದ್ದಾಗ 1 ಹರ್ಟ್ಸಿಗೆ 0.6 ಇತ್ತು. ಸೀನಿಯರ್ ಎರಡೂ ಗೆರೆಗಳನ್ನ ಸುಮಾರು ಹೊತ್ತು ನೋಡಿದರು. ಆಮೇಲೆ ತಾವೇ ಫೋನ್ ಹಚ್ಚಿ ಪಕ್ಕದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೊತ್ತಿದ್ದವರ ಹತ್ತಿರ ಒಂದು ಓಐಪಿ ಕೇಳಿ ಕೊಡಿಸಿದರು. ಸ್ಟೋರಿನ ಶೀಟೂ ಬದಲಾಯಿಸೋಕೆ ಬರೆದಿದ್ದಾರೆ.

ಬಂದ ಬುಶಿಂಗನ್ನ ಒಂದು ದಿನ ನಿಲ್ಲಿಸಿ ಟೆಸ್ಟ್ ಮಾಡಿದ್ವಿ, 0.33. ಟ್ಯಾಂಕಿನ ಎಣ್ಣೆ ಬುಶಿಂಗ್ ಮಟ್ಟಕ್ಕಿಂತ ಕೆಳಗೆ ಇಳಿಸಿ, ಹಳೇದು ತೆಗೆದು ಇದನ್ನ ಕೂರಿಸಿ, ಎಣ್ಣೆ ತುಂಬಿಸಿ, ಟರೆಟ್ (ಬುಶಿಂಗ್ ಕೂರೋ ಕೊಳವೆ) ಮತ್ತು ಬುಖೋಲ್ಜ್ (ಗ್ಯಾಸ್ ಪತ್ತೆಹಚ್ಚೋ ರಿಲೇ) ಎರಡರಲ್ಲೂ ಗಾಳಿ ಬಿಡಿಸಿದ್ವಿ. ನಾಲ್ಕನೇ ದಿನ ಬೆಳಿಗ್ಗೆ ಚಾರ್ಜ್ ಆಯ್ತು. ಪ್ರೊಡಕ್ಷನ್ನಿನವರಿಗೆ ಒಂದು ದಿನ ಜಾಸ್ತಿ ಆಯ್ತು ಅನ್ನೋ ಬೇಜಾರು ಇದೆ. ಆರ್‌ಐಪಿಯನ್ನ ತಯಾರಕರಿಗೆ ಕಳಿಸ್ತಿದ್ದೀವಿ. ಇಲಿ ಕಚ್ಚಿದ್ದು ಅಂಚಿನಲ್ಲಿ ಮಾತ್ರ, ಫೈಬರ್ ಕಾಣಿಸ್ತಿಲ್ಲ.

ಹಳೇ ಟೆಸ್ಟಿಂಗ್

ಓದಿ ಸಮಾಧಾನ ಆಯ್ತು. ನಿಮ್ಮ ಸೀನಿಯರ್‌ಗೆ ನನ್ನ ನಮಸ್ಕಾರ ತಿಳಿಸಿ, ಗ್ರಾಫ್ ನೋಡಿ ಮನಸ್ಸು ಬದಲಿಸೋರು ಸಿಗೋದು ಅಪರೂಪ.

ಎರಡು ವಿಷಯ ಕೇಳ್ತೀನಿ. ಟೆಸ್ಟ್ ಟ್ಯಾಪಿನ ಮುಚ್ಚಳ ವಾಪಸ್ ಹಾಕಿದ್ದೀರಿ ತಾನೇ? ಆ ಮುಚ್ಚಳವೇ ಟ್ಯಾಪನ್ನ ಅರ್ತ್ ಮಾಡೋದು. ಅದು ಮರೆತು ಚಾರ್ಜ್ ಮಾಡಿದ್ರೆ ಸಿ1, ಸಿ2 ನಡುವೆ ವೋಲ್ಟೇಜ್ ಹಂಚಿಕೆಯಾಗುತ್ತೆ. ಸಿ1 287, ಸಿ2 ಸುಮಾರು 800 ಅಂತ ಲೆಕ್ಕ ಹಾಕಿದ್ರೆ 38 ಕೆವಿಯಲ್ಲಿ ಹತ್ತು ಕೆವಿ ಟ್ಯಾಪಿನ ಮೇಲೆ ಬರುತ್ತೆ. 2 ಕೆವಿಯ ಟ್ಯಾಪ್ ಎಷ್ಟು ಹೊತ್ತು ತಡೆದೀತು? ಎಣ್ಣೆಯದಾದ್ರೂ ಡ್ರೈ ಆದ್ರೂ ಇದರಲ್ಲಿ ವಿನಾಯಿತಿ ಇಲ್ಲ.

ಇನ್ನೊಂದು, ನಿಮ್ಮದು ಡ್ರಾ ಲೆಡ್ ಥರದ್ದಾ? ಅಂದ್ರೆ ವೈಂಡಿಂಗಿನ ಕೇಬಲ್ಲೇ ನಡುವಿನ ಕೊಳವೆಯೊಳಗಿಂದ ಮೇಲೆ ಬರುತ್ತಾ? ಹಾಗಿದ್ರೆ ಮೇಲಿನ ಟರ್ಮಿನಲ್ಲಿನ ಓ ರಿಂಗ್ ಹೊಸದು ಹಾಕಿದ್ರಾ? ಅದು ಸೋರಿದ್ರೆ ಮಳೆನೀರು ಆ ಕೊಳವೆಯಲ್ಲೇ ನೇರ ಇಳಿದು ವೈಂಡಿಂಗ್ ಮೇಲೆ ಬೀಳುತ್ತೆ. ಬುಶಿಂಗಿನ ಟ್ಯಾನ್ ಡೆಲ್ಟಾ ಎಷ್ಟೇ ಚೆನ್ನಾಗಿದ್ರೂ ಇದು ಅದರಲ್ಲಿ ಕಾಣಿಸಲ್ಲ.

ಕಪಿಲೆ

ಡ್ರಾ ಲೆಡ್ಡೇ ಸರ್. ಓ ರಿಂಗ್ ಹೊಸದು. ಮುಚ್ಚಳ ಹಾಕಿ ಮೂರೂ ಫೇಸಿನ ಫೋಟೋ ತೆಗೆದು ಫೈಲಿಗೆ ಸೇರಿಸಿದ್ದೀನಿ. ಲೋಡ್ ಬಂದ ಮೇಲೆ ಥರ್ಮೋವಿಷನ್ (ಬಿಸಿ ತೋರಿಸೋ ಕ್ಯಾಮೆರಾದ ತಪಾಸಣೆ) ಮಾಡಿಸಿದ್ವಿ, ಮೂರು ಟರ್ಮಿನಲ್ಲುಗಳ ನಡುವೆ 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇಲ್ಲ.

ಹಳೇ ಟೆಸ್ಟಿಂಗ್

ಬಹಳ ಒಳ್ಳೇದು. ಹಾಗಾದ್ರೆ ಒಂದೇ ಒಂದು ಉಳೀತು. ಮೊದಲ ದಿನ ವೈ ಫೇಸ್ 0.44 ಅಂದಿರಿ. 1996ರಲ್ಲಿ ಕಮಿಷನಿಂಗ್ ಆದಾಗ ಅದು ಎಷ್ಟಿತ್ತು? ಹಳೇ ರಿಪೋರ್ಟ್ ಹುಡುಕಿ.

ಕಪಿಲೆ

ಸರ್, ಎರಡು ದಿನ ಹುಡುಕಿದೆ. ಟ್ರಾನ್ಸ್‌ಫಾರ್ಮರಿನ ಮೂಲ ಫೈಲ್ ಅಕೌಂಟ್ಸ್ ಬೀರುವಿನಲ್ಲಿತ್ತು. 1996ರಲ್ಲಿ ಆರ್ 0.38, ವೈ 0.28, ಬಿ 0.31. ಆಮೇಲೆ 2011ರ ಒಂದು ರಿಪೋರ್ಟ್ ಸಿಕ್ತು, ಅದರಲ್ಲಿ ಆರ್ 0.39, ವೈ 0.33. ಈಗ 0.41, 0.44.

ಹಳೇ ಟೆಸ್ಟಿಂಗ್

ಆರ್ ಫೇಸ್ ಅಲುಗಾಡಿಲ್ಲ. ವೈ ಫೇಸ್ ಒಂದೂವರೆ ಪಟ್ಟಾಗಿದೆ, ಮಿತಿಯೊಳಗೇ ಇದೆ. ಈಗಲೇ ತೆಗೀಬೇಕಿಲ್ಲ, ಆದ್ರೆ ವರ್ಷ ಕಾಯಬೇಡಿ. ಆರು ತಿಂಗಳಿಗೆ ಒಂದು ಸಣ್ಣ ಶಟ್‌ಡೌನ್ ಕೇಳಿ ಅದನ್ನ ಮತ್ತೆ ಅಳೆಯಿರಿ. ಗೇಜ್ ಗ್ಲಾಸನ್ನ ವಾರಕ್ಕೊಮ್ಮೆ ಬೈನಾಕ್ಯುಲರ್ ಹಿಡಿದು ನೋಡೋಕೆ ಶಿಫ್ಟಿನವರಿಗೆ ಹೇಳಿ. ಹೊಸ ಬುಶಿಂಗಿಗೆ ಇಂಡೆಂಟ್ ಹಾಕುವಾಗ ಒಂದಲ್ಲ, ಎರಡು ಬರೀರಿ. ಆರು ತಿಂಗಳ ರೀಡಿಂಗ್ ಬಂದಾಗ ಇದೇ ಪುಟದಲ್ಲಿ ಹಾಕಿ, ನಾನು ನೋಡ್ತಿರ್ತೀನಿ.